ಸನ್ನೆಕೋಲು

ಕುಕ್ಕರಹಳ್ಳಿ ಕೆರೆಯ ಗಾಳಿ
ಗೋಡೆಯವರೆಗೆ ಬಂದು ಹಿಂದಿರುಗುವ ಕಟ್ಟಡ.
ಕಿಟಕಿಯಿಲ್ಲ ಅದಕ್ಕೆ.
ಹಗಲು ರಾತ್ರಿಗಳನ್ನು ನಾವೇ ಮಾಡುತ್ತೇವೆ ಇಲ್ಲಿ,
ಗಡಿಯಾರ ಕಟ್ಟಿದ ಒಂದು ಸ್ವಿಚ್ಚಿನಿಂದ.
ಮೈಸೂರಿಗೆ ಸಂಜೆ ಏಳಾದಾಗ
ಇಲಿಗಳಿಗೆ ಬೆಳಗಾಗುತ್ತದೆ.

ಹದಿನೇಳನೆಯದಕ್ಕೆ ಹೆಸರಿಡಬಾರದು, ನಿಯಮ.
ಜವರಯ್ಯ ಇಟ್ಟಿದ್ದಾನೆ.
ಏನೆಂದು ಹೇಳುವುದಿಲ್ಲ.

ಅದರ ಕುತ್ತಿಗೆಯ ರಕ್ತನಾಳಕ್ಕೆ
ಶಾವಿಗೆ ಎಳೆಯಂಥ ಕೊಳವೆ ಹೊಲಿದವಳು ನಾನು.
ಪೆಟ್ಟಿಗೆಯ ಎಡಗಡೆ ಸನ್ನೆಕೋಲು.
ಒತ್ತಿದರೆ ಕೊಕೇನಿನ ಒಂದು ಹನಿ,
ಜೊತೆಗೇ ನೆತ್ತಿಯ ಮೇಲೊಂದು ಹಳದಿ ದೀಪ
ಕ್ಲಿಕ್.
ಮೊದಲ ದಿನ ಎಡವಿ ಒತ್ತಿತು.
ನಾಲ್ಕನೆಯ ದಿನ ನಿಂತು, ಯೋಚಿಸಿ ಒತ್ತಿತು.
ಹತ್ತನೆಯ ದಿನ
ಮೀಸೆ ತೀಡುವುದನ್ನೂ ಮರೆತು.

ಪ್ರಬಂಧದಲ್ಲಿ ಹೀಗೆ ಬರೆದಿದ್ದೇನೆ:
ನಡುಮಿದುಳಿನಿಂದ ಹೊರಟ ಡೋಪಮೈನು
ಮುಂಗಡೆಯ ಒಂದು ಸಣ್ಣ ಗಂಟಿಗೆ ಬಂದು ಸುರಿಯುತ್ತದೆ,
ಮೊದಲು ಹನಿ ಸಿಕ್ಕಾಗ,
ಆಮೇಲಾಮೇಲೆ ದೀಪ ಕಂಡರೇ ಸಾಕು.
ಬರೆಯದೆ ಬಿಟ್ಟದ್ದು:
ಸುಖ ಇದ್ದಲ್ಲೇ ಕೂತಿದೆ, ಪಾಪ, ಬಾಗಿಲು ನೋಡುತ್ತ.
ಆಸೆ ಮನೆ ಬದಲಾಯಿಸಿದೆ
ವಿಳಾಸ ಕೊಡದೆ.

ಜವರಯ್ಯನೂ ಬದಲಾಯಿಸಿದವನೇ.
ಇಟ್ಟಿಗೆಗೂಡು ಬಿಟ್ಟು ಹಿನಕಲ್ಲಿಗೆ ಬಂದು ಹನ್ನೊಂದು ವರ್ಷ.
ಯಾಕೆಂದು ಒಮ್ಮೆ ಕೇಳಿದೆ, ಹೊಟ್ಟು ಸುರಿಯುತ್ತಿದ್ದ.
‘ಅಲ್ಲಿ ಕುದ್ರೆ ಓಡೋದು ಕೇಳ್ತದೆ ಮೇಡಂ.’
ಸ್ವಲ್ಪ ಹೊತ್ತಿನ ಮೇಲೆ, ಇನ್ನೊಂದು ಗೂಡಿನ ಹತ್ತಿರ,
‘ಓಡ್ದಿದ್ ದಿವ್ಸಾನೂ ಕೇಳ್ತದೆ.’

ಆಮೇಲೆ ಮೂವತ್ತು ದಿನ ಬರೀ ಗೂಡು.
ಕೋಲಿಲ್ಲ, ಹನಿಯಿಲ್ಲ, ದೀಪವಿಲ್ಲ.
ಮೇವು ತಿಂದು, ಬಾಲ ಸುತ್ತಿಕೊಂಡು ಮಲಗಿ,
ಮೈ ತುಂಬಿಕೊಂಡಿತು ಹದಿನೇಳು.
ಕಾಲವೇ ಮದ್ದು ಅನ್ನುತ್ತಾರಲ್ಲ,
ಮಿದುಳಿನ ಒಳಗೆ ಅದು ಹೆಪ್ಪಿನ ಹಾಗೆ:
ಯಾರೂ ಕದಲಿಸದೆ ಬಿಟ್ಟದ್ದಕ್ಕೇ
ಗಟ್ಟಿಯಾಗುತ್ತ ಬಂತು.
ಬಿಡಿಸಿದ ಮಾರನೆಯ ದಿನ ಪರೀಕ್ಷಿಸಿದ ಇಲಿಗಳು
ಬರಿಗೋಲನ್ನು ನಲವತ್ತರ ಆಸುಪಾಸು ಒತ್ತಿದ್ದವು.
ಮೂವತ್ತನೆಯ ದಿನ ಹದಿನೇಳು,
ನೂರ ಹನ್ನೆರಡು.

ಹನಿ ಬರಲಿಲ್ಲ. ದೀಪ ಮಾತ್ರ ಬಂತು.
ಪ್ರತಿ ಸಲವೂ ದೀಪ ಬಂತು.
ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಜವರಯ್ಯ,
‘ಏನೂ ಬರಾಕಿಲ್ವಲ್ಲ, ಯಾಕಂಗ್ ಒತ್ತದೆ?’
ಗ್ರಂಥಿ, ನರತಂತು, ಗ್ರಾಹಕ,
ಇದ್ದ ಪದಗಳನ್ನೆಲ್ಲ ಜೋಡಿಸಿ ಹೇಳಿದೆ.
ಕೇಳಿದ. ತಲೆಯಾಡಿಸಿದ. ನನ್ನ ಮೇಲಿನ ಮರ್ಯಾದೆಗೆ.
‘ಕರೀತದಲ್ಲ ಮೇಡಂ ದೀಪ. ಓಗ್ದೆ ಇದ್ರೆ ಎಂಗೆ?’

ಅಂದು ರಾತ್ರಿ ಹಾಸ್ಟೆಲಿನಲ್ಲಿ ಹೊಳೆಯಿತು,
ನಮ್ಮ ಮಾತು ಎರಡನ್ನೂ ಒಂದೇ ಪದದಲ್ಲಿ ಕೂರಿಸಿ
ಎಂದೋ ಸುಮ್ಮನಾಗಿದೆ.
ಕೊಳವೆ ಕಳಚಿದರೂ ಕೋಲು,
ಕೋಲು ಕಿತ್ತರೂ ಸನ್ನೆ.

ಹೆಪ್ಪುಗಟ್ಟಿಸಿದ ಮಿದುಳು ಅಡಿಕೆಗಿಂತ ಸ್ವಲ್ಪ ದೊಡ್ಡದು.
ಕೂದಲಿಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಗಾಜಿಗೆ ಹಚ್ಚಿ
ಕಪ್ಪು ಚುಕ್ಕೆ ಎಣಿಸಿದೆ,
ಕೊನೆಯ ಆ ಗಂಟೆಯಲ್ಲಿ ಎದ್ದು ಕೂತ ಕಣಗಳು.
ಸಾಸಿವೆ ಚೆಲ್ಲಿದ ಹಾಗೆ. ಇನ್ನೂರ ಎಂಬತ್ತಾರು.
ಜವರಯ್ಯ ಸೂಕ್ಷ್ಮದರ್ಶಕಕ್ಕೆ ಬಗ್ಗಿ
ಬಹಳ ಹೊತ್ತು ನೋಡಿದ.
‘ಇಷ್ಟೇನಾ’ ಅಂದ.
ಅವನು ಕರೆಯುತ್ತಿದ್ದ ಹೆಸರು ಆಗಲೂ ಬಾಯಿಗೆ ಬರಲಿಲ್ಲ,
ಬಂದಿತ್ತೋ ಏನೋ, ನುಂಗಿದ.

ಈಗ ಪೆಟ್ಟಿಗೆ ಖಾಲಿ.
ಮುಂದಿನ ತಂಡ ಸೋಮವಾರ ಬರುತ್ತದೆ.
ಬಲ್ಬು ಸರಿಯಿದೆಯೇ ನೋಡೋಣವೆಂದು ಒತ್ತಿದೆ,
ಕ್ಲಿಕ್.
ತೊಟ್ಟಿಯ ಬಳಿ ಬಾಟಲಿ ತೊಳೆಯುತ್ತಿದ್ದವನು
ಗಕ್ಕನೆ ತಿರುಗಿದ.
ಒದ್ದೆ ಕೈ ತಾನೇ ಎದ್ದು
ಅಂಗಿಯ ಜೇಬಿಗೆ ಹೋಯಿತು.
ಅಲ್ಲಿದ್ದದ್ದು ಹಿನಕಲ್ಲಿನ ಬಸ್ ಪಾಸು.

ನೋಡದವಳಂತೆ ದೀಪ ಆರಿಸಿದೆ.
ಆರುವಾಗಲೂ ಅದು
ಕ್ಲಿಕ್ಕೆನ್ನುತ್ತದೆ.