ಇದ್ದಿಲ ಲೆಕ್ಕ

ಹಳೇದರ ಹಾಗೆ ಕಾಣಬೇಕು ಅಂದ ಮ್ಯಾನೇಜರು,
ಹಳೇದಾಗಿರಬಾರದು.
ಸರಿ ಅಂದೆ. ನಲವತ್ತು ವರ್ಷ ಬೋರ್ಡು ಬರೆದವನಿಗೆ
ಅಷ್ಟೂ ಅರ್ಥವಾಗದಿದ್ದರೆ ಹೇಗೆ.
ಹೊಸ ತಗಡಿಗೆ ಗೇರೆಣ್ಣೆ ಬಳಿದು, ಉಪ್ಪುಕಾಗದದಲ್ಲಿ ಉಜ್ಜಿ,
ಮೂಲೆಗೆ ತುಕ್ಕಿನ ಬಣ್ಣ ತಟ್ಟಿ
ಬರೆದೆ: ಚಂದ್ರಹಾಸ.
ಮೊದಲೂ ನಾನೇ ಬರೆದದ್ದು, ಇದೇ ಗೋಡೆಗೆ.
ಆಗ ಮುಂದೆ ಬಾರ್ ಅಂಡ್ ರೆಸ್ಟೋರೆಂಟ್ ಅಂತ ಇತ್ತು,
ಫ್ಯಾಮಿಲಿ ರೂಮ್ ಇದೆ ಅಂತಲೂ ಇತ್ತು
(ಇದ್ದದ್ದು ಒಂದು ಪರದೆ).

ಗೇಟಿನಿಂದ ಬದುಕಿದ ಬಾರು ಅದು.
ತಾಳಗುಪ್ಪದ ರೈಲಿಗೆ ಗೇಟು ಬಿದ್ದರೆ
ಹನ್ನೆರಡು ನಿಮಿಷ, ಕೆಲವೊಮ್ಮೆ ಹದಿನೈದು,
ಸಾವಳಂಗ ರಸ್ತೆಯ ಲಾರಿ, ಲೂನಾ, ಎತ್ತಿನಗಾಡಿ ನಿಂತು
ನಿಂತವರಲ್ಲಿ ನಾಲ್ಕು ಜನ ಇಳಿದು
ನಿಂತೇ ಒಂದು ನೈಂಟಿ, ಹೊರಗೆ ಗುತ್ಯಮ್ಮನ ಹತ್ತಿರ ಒಂದು ಮೊಟ್ಟೆ,
ಗೇಟು ಏಳುವ ಹೊತ್ತಿಗೆ ಬಾಯಿ ಒರೆಸಿಕೊಂಡು ಗಾಡಿಯ ಮೇಲೆ.
ಬೂದ್ಯಪ್ಪ ರೈಲಿನ ವೇಳಾಪಟ್ಟಿಯನ್ನು
ಲಕ್ಷ್ಮಿ ಪಟದ ಪಕ್ಕ ಅಂಟಿಸಿ
ಎರಡಕ್ಕೂ ಊದುಬತ್ತಿ ಬೆಳಗುತ್ತಿದ್ದ.
ರೈಲು ಲೇಟಾದ ದಿನ ಇನ್ನೊಂದು ಕಡ್ಡಿ ಹೆಚ್ಚು.

ಆಮೇಲೆ ಮೇಲ್ಸೇತುವೆ ಬಂತು.
ಜನ ಬಾರಿನ ತಲೆಯ ಮೇಲೇ ಹಾದುಹೋದರು.
ಬೂದ್ಯಪ್ಪ ಆರು ತಿಂಗಳು ಬಾಗಿಲು ತೆರೆದು ಕೂತ,
ಏಳನೆಯದಕ್ಕೆ ಲೈಸೆನ್ಸು ಮಾರಿ ಆನವಟ್ಟಿ ಕಡೆ ಹೋದ.

ಈಗ ಒಳಗೆ ಇಟ್ಟಿಗೆ ಕಾಣುತ್ತದೆ,
ಕಾಣಲಿ ಅಂತ ಗಾರೆ ಕೆತ್ತಿಸಿದ್ದಕ್ಕೆ ಕೂಲಿ ಬೇರೆ.
ಪುನರ್ಪುಳಿ ಹಾಕಿದ ಜಿನ್ನಿಗೆ ಆಗುಂಬೆ ಅಂತ ಹೆಸರು.
ಮೊಟ್ಟೆಗೆ ನೂರ ಎಂಬತ್ತು, ಮೇಲೊಂದು ಎಲೆ.
ಹುಡುಗಿಯರೂ ಬಂದು ಕೂತು ಜೋರಾಗಿ ನಗುತ್ತಾರೆ,
ಅದು ಒಳ್ಳೇದೇ ಅನ್ನಿಸಿತು, ಸುಳ್ಳು ಯಾಕೆ.
ಬೂದ್ಯಪ್ಪನ ಕಾಲದಲ್ಲಿ ಒಳಗೆ ಹೆಣ್ಣು ಅಂದರೆ
ಕ್ಯಾಲೆಂಡರು.

ಗಲ್ಲಾದ ಹಿಂದಿನ ಗೋಡೆಯೊಂದನ್ನು ಕೆತ್ತದೆ ಉಳಿಸಿದ್ದಾರೆ.
ಕಡದ ಲೆಕ್ಕ, ಇದ್ದಿಲಿನಲ್ಲಿ.
ಗಾಜು ಹಾಕಿ ದೀಪ ಬಿಡುತ್ತಾರಂತೆ.
ಮಾಸಿದೆ, ಫೋಟೋಗೆ ಬರಲ್ಲ, ಸ್ವಲ್ಪ ತಿದ್ದಿಕೊಡಿ ಅಂದ.
ಒಂಬೈನೂರಕ್ಕೆ ಒಪ್ಪಿ ಸ್ಟೂಲು ಹತ್ತಿದೆ.

ಮಂಡಿ ಹಮಾಲಿ ಕೆಂಚ್ರಾಯ, ಮೂವತ್ತೆರಡು. ಸತ್ತು ಎಷ್ಟೋ ವರ್ಷ.
ಸೈಕಲ್ ಶಾಪ್ ಅಂತೋಣಿ, ಹದಿನೆಂಟು,
ಕಾಟು ಹೊಡೆದು ಮತ್ತೆ ಹದಿನೆಂಟು.
ಪೋಸ್ಟ್ ಹಾಲೇಶಿ, ಸಂಬಳದ ದಿನ ಅಂತಷ್ಟೇ ಇದೆ.
ಬೋರ್ಡು ಜಯಶೀಲ, ನಲವತ್ತೇಳು.
ನನ್ನದು. ಅದನ್ನೂ ದಪ್ಪ ಮಾಡಿದೆ.
ಈಗ ಕೊಡಲಾ ಅಂದೆ.
ಅವನು ನಕ್ಕ: ಅಳಿಸಬೇಡಿ ಸಾರ್, ಅದೇ ಚೆಂದ.

ಕೆಳಗೆ, ನನ್ನ ಸೊಂಟದೆತ್ತರಕ್ಕೆ,
ಬೂದ್ಯಪ್ಪನದಲ್ಲದ ಕೈ, ಗುಂಡಗೆ, ಶಾಲೆಯ ಅಕ್ಷರ:
ಬಾರಿನವರು ಗುತ್ಯಮ್ಮಗೆ ಕೊಡೋದು ೨೧೨.
ಅವಳಿಗೆ ಬರೆಯಲು ಬಾರದು.
ಮಗಳ ಕೈಯಲ್ಲಿ ಬರೆಸಿದ್ದಾಳೆ,
ಮಗಳಿಗೆ ಎಟುಕಿದಷ್ಟು ಎತ್ತರದಲ್ಲಿ.

ಉಳಿದದ್ದೆಲ್ಲ ಇದ್ದಿಲಿನಲ್ಲೇ ತಿದ್ದಿದ್ದೆ.
ಇದಕ್ಕೆ ಮಾತ್ರ ಎನಾಮಲ್ ಡಬ್ಬಿ ತೆರೆದೆ.
ಇದೊಂದು ಯಾಕೆ ಮಿಂಚ್ತಾ ಇದೆ ಅಂದ ಮ್ಯಾನೇಜರು.
ಒಣಗಲಿ ಅಂದೆ.

ರಾತ್ರಿ, ಸೇತುವೆಯ ಮೂರನೇ ಕಂಬದ ಬುಡದಲ್ಲಿ
ಗುತ್ಯಮ್ಮ ಸ್ಟೋವಿಗೆ ಗಾಳಿ ಹಾಕುತ್ತಿದ್ದಳು.
ಪಬ್ಬಿನ ಕಾರುಗಳಿಗೆ ಜಾಗ ಬೇಕಂತ ಅಲ್ಲಿಗೆ ಸರಿಸಿದ್ದಾರೆ.
ಒಳಗೇನು ಕೆಲಸ ಅಂದಳು.
ಲೆಕ್ಕ ಬರೆದೆ.
ಯಾರದ್ದು?
ಮೊಟ್ಟೆಗೆ ಖಾರ ಜಾಸ್ತಿ ಹಾಕು ಅಂದೆ.
ಎರಡು ತಿಂದು ಐನೂರರ ನೋಟು ಚಾಚಿದರೆ
ಚಿಲ್ಲರೆ ಎಲ್ಲಿಂದ ತರಲಿ, ನಾಳೆ ಕೊಡು ಮಾರಾಯ ಅಂದಳು.
ತಾಳಗುಪ್ಪದ್ದು ಆಗ ಬಂತು, ಲೇಟಾಗಿ.