ತೇವ

ಗೋಣಿಕೊಪ್ಪದ ಸಂತೆಬೀದಿ, ಮೊಯಿದು ಕಾಕನ ಅಂಗಡಿ.
ತಕ್ಕಡಿಯ ಪಕ್ಕ ಎರಡು ಮೂಟೆ ಕರಿಮೆಣಸು,
ಎದುರಿಗೆ ನಿವೃತ್ತ ರಾಯಭಾರಿ ಚೋಂದಮ್ಮ.

ಒಂದು ಅಲ್ಪವಿರಾಮಕ್ಕಾಗಿ
ಜಿನೀವಾದಲ್ಲಿ ಹನ್ನೊಂದು ದಿನ ಕೂತವಳು,
ಮೌನವನ್ನೇ ಮುಂದಿಟ್ಟು ಗೆದ್ದವಳು,
ಇಲ್ಲೂ ಸುಮ್ಮನೆ ಕೂತಳು.
ಕಾಕನೂ ಕೂತ.
ಚಹಾ ಬಂತು, ಆರಿತು. ಕುಟ್ಟದ ಬಸ್ಸು ಹೋಯಿತು.

ಕೊನೆಗೆ ಅವನೊಂದು ಕಾಳು ಕಚ್ಚಿದ:
"ಒಣಗಿಲ್ಲ ಅಕ್ಕ. ತೇವ ಉಂಟು."

ನಕ್ಕಳು.
ಮೂವತ್ತಾರು ವರ್ಷ
"ತೀವ್ರ ಕಳವಳ" ಎಂದಷ್ಟೇ ಬರೆದ ಕೈ.
ಬಾಂಬು ಬಿದ್ದ ಊರಲ್ಲಿ
ಕೊನೆಯ ವಿಮಾನ ಹತ್ತಿಸದೆ ಬಿಟ್ಟುಬಂದ
ಅಡುಗೆ ಹುಡುಗನ ಹೆಸರು
ಯಾವ ವರದಿಯಲ್ಲೂ ಇರಲಿಲ್ಲ.

"ಎಷ್ಟು ಕಡಿತ?"
"ಕಿಲೋಗೆ ಹನ್ನೆರಡು."
ಒಪ್ಪಿದಳು, ಚೌಕಾಸಿಲ್ಲದೆ.
ರಸೀದಿಯ ಹಿಂದೆ ಬರೆದಳು: ಸಲೀ...
ಪೆನ್ನು ನಿಂತಿತು.
ಕಾಕ ತಕ್ಕಡಿ ಒರೆಸುತ್ತಿದ್ದ.