ಮೊಳಕಾಲಾಳ

ಕಡತದಲ್ಲಿ ಆಳ ಒಂದು ಪಾಯಿಂಟು ಆರು ಐದು ಮೀಟರು.
ಗುದ್ದಲಿ ಹಿಡಿದವಳು ನಾನು, ನನ್ನ ಲೆಕ್ಕ ಮೊಳಕಾಲಿನದು.
ತಾಲ್ಲೂಕಿನ ಹೆಸರಲ್ಲೇ ಇದೆಯಲ್ಲ ಸ್ವಾಮಿ,
ಮೊಳಕಾಲ್ಮೂರು.
ಅದರ ಕೆಳಗೆ ಬರೀ ಬಂಡೆ.
ಬಂಡೆ ಒಡೆಯುವ ರೇಟು ಟೆಂಡರಿನಲ್ಲಿಲ್ಲ
ಅಂದ ಮೇಸ್ತ್ರಿ ಪಾಲಯ್ಯ.
ಅವನಿಗೆ ಕೆಲಸ ಕೊಟ್ಟವನು ಬಳ್ಳಾರಿಯವನು,
ಅವನಿಗೆ ಕೊಟ್ಟವನು ಹೈದರಾಬಾದಿನವನು,
ಅವನಿಗೆ ಕೊಟ್ಟದ್ದು ದಿಲ್ಲಿ.
ದಿಲ್ಲಿಯಿಂದ ಇಲ್ಲಿಗೆ ಇಳಿಯುವಷ್ಟರಲ್ಲಿ
ಮೀಟರು ಮೊಳವಾಗಿತ್ತು, ಕೂಲಿ ಗೇಣಾಗಿತ್ತು.

ಕಿತ್ತಳೆ ಬಣ್ಣದ ಕೊಳವೆ, ಒಳಗೆ ಕೂದಲೆಳೆಯಂಥ ಗಾಜು.
"ಇದರೊಳಗೆ ಬೆಳಕು ಓಡ್ತದೆ" ಅಂದ ಇಂಜಿನಿಯರ್ ಹುಡುಗ.
ಎಲ್ಲಿಗೆ ಅಂತ ಕೇಳಿದೆ. ನಕ್ಕ.
ಬೀಜ ಹೂತಿದ್ದೇನೆ, ಕರುವಿನ ಮಾಸು ಹೂತಿದ್ದೇನೆ,
ಬೆಳಕು ಹೂತದ್ದು ಅದೇ ಮೊದಲು.

ತಪಾಸಣೆಯ ಹಿಂದಿನ ರಾತ್ರಿ
ಸೇತುವೆ ಪಕ್ಕ ಒಂದೇ ಒಂದು ಕಡೆ
ಆಳುದ್ದ ಅಗೆಸಿದರು. ಡಬಲ್ ಕೂಲಿ, ಜನರೇಟರ್ ದೀಪ, ಎಗ್ ರೈಸು.
ಬೆಳಿಗ್ಗೆ ಸಾಹೇಬರು ಟೇಪು ಇಳಿಸಿದ್ದು ಅಲ್ಲೇ.
ಫೋಟೋದಲ್ಲಿ ನನ್ನ ಬಳೆಗೈ ಬಂದಿದೆಯಂತೆ.

ನಕ್ಷೆಯಲ್ಲಿ ಊರು ಹಸಿರಾಯಿತು.
ಓಟು ಕೇಳಲು ಬಂದ ಎರಡೂ ಪಕ್ಷದವರು
ಆ ಹಸಿರು ನಮ್ಮದು, ನಮ್ಮದು ಎಂದರು.
ಆಷಾಢದಲ್ಲಿ ನೀರಿನ ಪೈಪಿನವರು ಜೆಸಿಬಿ ತಂದರು.
ಮೊಳಕಾಲಾಳ ತಾನೇ,
ಒಂದೇ ಏಟಿಗೆ ಎಳೆ ಮೇಲೆ ಬಂತು.

ಪಂಚಾಯ್ತಿ ಕೋಣೆಯ ಪೆಟ್ಟಿಗೆಯಲ್ಲಿ ಈಗ
ಕೆಂಪು ಚುಕ್ಕೆ ಮಿಟುಕುತ್ತದೆ. ಬೀಗದ ಕೈ ಯಾರಲ್ಲೋ.

ಸೇತುವೆ ಬಳಿ ಮಾತ್ರ, ಆ ಒಂದು ಗುಂಡಿಯಲ್ಲಿ,
ಕಡತ ಹೇಳಿದಷ್ಟೇ ಆಳದಲ್ಲಿ
ಎಳೆ ತುಂಡಾಗದೆ ಇದೆ,
ಎರಡು ಗಜ ಉದ್ದ.